ಅಡ್ಡ ಮಲಗುವ ಭೂಮಿ ಮತ್ತು ನಮ್ಮ ಕಾಕಾ

ನಮ್ಮ ಕಾಕಾನ ಹೆಸರಿನಲ್ಲಿ ಒಂದು ಗುಂಟೆ ಜಮೀನೂ ಇಲ್ಲ. ಆದರೂ ಮಾನ್ವಿಯಲ್ಲಿ ಅವನಷ್ಟು ದೊಡ್ಡ ಜಮೀನ್ದಾರ ಇನ್ನೊಬ್ಬನಿಲ್ಲ! ಗುಡ್ಡಗಳು ಅವನವು, ಕಾಡುಗಳು ಅವನವು, ಕೆರೆಗಳಂತೂ ಅಂಗಿಯ ಕಿಸೆಯಲ್ಲೇ ಇರುತ್ತವೆ. ನಂಬುವುದಿಲ್ಲವೇ? ನಂಬಿದವನೊಬ್ಬನ ಗತಿ ಏನಾಯಿತೆಂದು ಮೊದಲು ಕೇಳಿ.

ಒಮ್ಮೆ ಕಾಕಾ ರಾಯಚೂರಿನಿಂದ ಮಾನ್ವಿಯ ಬಸ್ಸು ಹತ್ತಿದ್ದ. ಅವನು ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಫೋನಿಲ್ಲದೆಯೂ ಕೇಳಿಸುತ್ತದೆ. "ಏ, ಎರಡು ಗುಡ್ಡ, ಒಂದು ಕೆರಿ ಸಿಕ್ಕಾವ! ಕಾಡು ಬಿಟ್ಟು ಬಂದೀನಿ, ಮನ್ಯಾಗ ಭಾಳ ಅದಾವ!" ಎಂದು ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ವರದಿ ಒಪ್ಪಿಸಿದ. ಹಿಂದಿನ ಸೀಟಿನಲ್ಲಿ ಪ್ಲಾಟುಗಳ ದಲ್ಲಾಳಿಯೊಬ್ಬ ಕುಳಿತಿದ್ದನಂತೆ. ಅವನು ಮಾನ್ವಿಯಲ್ಲಿ ಇಳಿದವನೇ ಕಾಕಾನ ಬೆನ್ನು ಹತ್ತಿ ಮನೆಗೇ ಬಂದ.

"ಸಾಹೇಬ್ರ, ಕೆರಿ ಒತ್ತುವರಿದೇನ್ರಿ? ಎಲ್ಲಾ ಸಾಫ್ ಅದ ಏನ್ರಿ?"

ಕಾಕಾ ಕಿಸೆಯಿಂದ ಕೆರೆಯನ್ನು ತೆಗೆದು ಅವನ ಅಂಗೈಯಲ್ಲಿಟ್ಟ. "ನೀವಾ ನೋಡ್ರಿ. ಸಾಫ್ ಇರ್ಲಿ ಅಂತನ ಪ್ಲಾಸ್ಟಿಕ್ ಕವರ್ ಹಾಕಿಸೀನಿ!"

ದಲ್ಲಾಳಿ ಚಹಾ ಕೂಡ ಕುಡಿಯದೆ ಹೋದ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಕಾಕುವಿಗೆ ಲಕ್ವಾ ಹೊಡೆದು ಬಲಗೈ ಸೋತಾಗ, ಚಿಕಿತ್ಸೆಗೆಂದು ಇಬ್ಬರೂ ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ಕೈಗೆ ಕೆಲಸ ಕೊಟ್ಟಷ್ಟೂ ಒಳ್ಳೆಯದೆಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಕಾಕು ಅದನ್ನು ಎಡಗೈಯಿಂದ ಅಂಗಳಕ್ಕೆ ಎಸೆದಳು. "ಚೆಂಡು ಹಿಸುಕಿಕೋತ ಕೂಡಾಕ ನಾ ಏನು ಕೂಸೇನು?" ಎಂದವಳೇ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು. ಕಾಕಾ ಅಂಗಳಕ್ಕಿಳಿದು ಚೆಂಡನ್ನು ಎತ್ತಿಕೊಂಡು ಬಂದ.

ಪಕ್ಕದಲ್ಲೇ ಮಗಳು, ಕಾಲೇಜಿನಲ್ಲಿ ಹೊಸದಾಗಿ ಕಲಿತ ಎಲೆಯಾಟವನ್ನು ಹರಡಿಕೊಂಡು ಕುಳಿತಿದ್ದಳು. ಕಾಕಾ ಬಗ್ಗಿ ನೋಡಿದ.

"ಇದ್ರಾಗ ರಾಜಾ, ರಾಣಿ, ಗುಲಾಮ ಎಲ್ಲಿ ಅದಾರವಾ?"

"ಅಜ್ಜಾ, ಇದು ಇಸ್ಪೀಟಲ್ಲ. ಇದ್ರಾಗ ರಕ್ಕಸರು, ಮಾಟಗಾತಿಯರು, ರೆಕ್ಕಿ ಇರೋ ಹಾವು ಇರ್ತಾವ. ಆದ್ರ ಸುಮ್ನ ಬರಂಗಿಲ್ಲ. ಮೊದ್ಲು ನೆಲ ಹಾಸಬೇಕು."

ನೆಲವೆಂದರೆ ಗುಡ್ಡ, ಕಾಡು, ಕೆರೆಗಳ ಚಿತ್ರವಿರುವ ಎಲೆಗಳು. ಒಂದು ಸರದಿಗೆ ಒಂದೇ ಹಾಸಬೇಕು. ಹಾಸಿದ್ದನ್ನು ಅಡ್ಡಕ್ಕೆ ತಿರುಗಿಸಿದರೆ ಒಂದು ಪಾಲು ಶಕ್ತಿ ಸಿಗುತ್ತದೆ. ಸಣ್ಣ ಪ್ರಾಣಿಗೆ ಒಂದೆರಡು ಪಾಲು ಸಾಕು, ದೊಡ್ಡದನ್ನು ಕರೆಯಲು ಸಾಲುಗಟ್ಟಲೆ ತಿರುಗಿಸಬೇಕು. ಅಡ್ಡ ಮಲಗಿದ ನೆಲ ನಿಮ್ಮ ಮುಂದಿನ ಸರದಿಗೆ ಮತ್ತೆ ನೆಟ್ಟಗಾಗುತ್ತದೆ.

"ಅಂದ್ರ ಬೆಳಿ ತಗದು ಹೊಲಕ್ಕ ವಿಶ್ರಾಂತಿ ಕೊಟ್ಟಂಗ!" ಎಂದ ಕಾಕಾ. ಅಷ್ಟೇ, ಹುಚ್ಚು ಹತ್ತಿತು! ಕಟ್ಟಿನಲ್ಲಿ ನೆಲ ಕಡಿಮೆಯಾದರೆ ರಕ್ಕಸರು ಕೈಯಲ್ಲೇ ಕೊಳೆಯುತ್ತಾರೆ, ಹೆಚ್ಚಾದರೆ ಹೊಲವಿದೆ, ದುಡಿಯುವವರಿಲ್ಲ. ತನಗೆ ಕೆರೆಯ ಎಲೆ ಬಾರದಿದ್ದಾಗಲೆಲ್ಲ ಕಾಕಾನದು ಒಂದೇ ಕೂಗು: "ಕೆರಿ ಎಲ್ಲಾ ನಿನ್ನ ಕಡಿನ ಬರ್ತಾವಲ್ಲ! ನಾವೇನು ಕಾಲುವಿ ಕೊನಿಯವರೇನು?"

ಈ ಗದ್ದಲಕ್ಕೆ ಕಾಕು ಗೋಡೆ ಬಿಟ್ಟು ಈ ಕಡೆ ಹೊರಳಿದಳು. "ಏನ್ರೀ, ಹುಡುಗಿ ಜೋಡಿ ಏನು ಜಗಳ? ನನಗೂ ಹಾಕ್ರಿ ನೋಡೂಣು."

ಹಾಕಿದರು. ಕಾಕು ಎಡಗೈಯಿಂದ ಒಂದು ಗುಡ್ಡವನ್ನು ತಿರುಗಿಸಿದಳು.

"ಹಾಂ ಹಾಂ! ಎಡಗೈಲೆ ತಿರುಗಿಸಿದ್ರ ಭೂಮಿತಾಯಿ ಶಕ್ತಿ ಕೊಡಂಗಿಲ್ಲ. ರೂಲ್ ಅದ!" ಎಂದ ಕಾಕಾ.

"ಅಜ್ಜಾ, ಅಂಥಾ ರೂಲ್ ಎಲ್ಲಿ..." ಎನ್ನುತ್ತಿದ್ದ ಮಗಳ ಕಾಲನ್ನು ಅವನು ತುಳಿದ. "ಮಾನ್ವಿ ತಾಲೂಕಿನಾಗ ಅದ!"

ಅಂದಿನಿಂದ ಕಾಕು ಬಲಗೈಯಿಂದಲೇ ಆಡಬೇಕಾಯಿತು. ಎಲೆ ಒಂದಿಷ್ಟು ಸರಿದು ನಿಂತುಬಿಡುತ್ತಿತ್ತು. ಎರಡು ತಿರುಗಿಸುವಷ್ಟರಲ್ಲಿ "ಸುಡ್ಲಿ ನಿಮ್ಮ ಭೂಮಿ!" ಎಂದು ಒಂದು ಇಲಿಯನ್ನೋ ಕಪ್ಪೆಯನ್ನೋ ಕರೆದು ಮುಗಿಸುತ್ತಿದ್ದಳು. ಒಮ್ಮೆ ಹೇಗೋ ರೆಕ್ಕೆಯ ಹಾವು ಬಂತು. ಅದನ್ನಾದರೂ ಯುದ್ಧಕ್ಕೆ ಬಿಟ್ಟಳೇ? "ನಾಗಪ್ಪಗ ಹಾಲು ಎರೀತಾರ, ಜಗಳಕ್ಕ ಕಳಸ್ತಾರೇನು?" ಎಂದು ಕೈಮುಗಿದು ಪಕ್ಕಕ್ಕಿಟ್ಟಳು. ಸೋತಳು!

ಮಾನ್ವಿಗೆ ಮರಳಿದ ಮೇಲೂ ಆಟ ನಿಲ್ಲಲಿಲ್ಲ. ತಿರುಗಿಸುವುದು ಹೆಚ್ಚಲೆಂದು ಕಾಕಾ ಆಕೆಯ ಕಟ್ಟಿಗೆ ನೆಲ ತುಂಬುತ್ತಲೇ ಹೋದ. ರಾಯಚೂರಿಗೆ ಬಂದಾಗಲೆಲ್ಲ ಮಗಳ ಗೆಳತಿಯರನ್ನು ಕಾಡಿ ಬೇಡಿ ಗುಡ್ಡ, ಕೆರೆ ಒಯ್ಯುತ್ತಿದ್ದ.

ಕಳೆದ ಭಾನುವಾರ ನಾವು ಮಾನ್ವಿಗೆ ಹೋಗಿದ್ದೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದ ಮೇಲೆ ಪಡಸಾಲೆಯ ಚಾಪೆಯ ಮೇಲೆ ಗಂಡ ಹೆಂಡತಿಯ ಯುದ್ಧ ಶುರುವಾಯಿತು. ಕಾಕಾನ ರಕ್ಕಸರು ಮುತ್ತಿಗೆ ಹಾಕಿದ್ದರು, ಇನ್ನೊಂದು ಸರದಿ ಬಂದರೆ ಆಟ ಅವನದು. ಕಾಕುವಿನ ಹತ್ತಿರ ಉಳಿದಿದ್ದದ್ದು ಒಂದೇ ದೊಡ್ಡ ಎಲೆ, ಕಲ್ಲಿನ ಆನೆ. ಅದನ್ನು ಕರೆಯಲು ಹಾಸಿದ ನೆಲವೆಲ್ಲ ತಿರುಗಬೇಕು.

ಆಕೆ ಬಲಗೈಯ ಹೆಬ್ಬೆರಳನ್ನು ಮೊದಲ ಗುಡ್ಡದ ಮೇಲೆ ಒತ್ತಿದಳು. ತಿರುಗಿತು. ಮುಂದಿನದು ನಿಂತು ನಿಂತು ತಿರುಗಿತು. ನಮ್ಮ ಚಹಾ ಆರಿತು. ಕೊನೆಯ ಕೆರೆಯ ಮೂಲೆ ಚಾಪೆಯ ಎಳೆಗೆ ಸಿಕ್ಕಿಕೊಂಡಿತು. ಮಗಳು ಬಿಡಿಸಲು ಕೈ ಚಾಚಿದಾಗ ಕಾಕಾ ತಡೆದ.

"ಬಿಡವಾ. ಆಕಿ ಸರದಿ ಅದು."

ಕಾಕು ತುಟಿ ಕಚ್ಚಿ ಮತ್ತೆ ಒತ್ತಿದಳು. ಕೆರೆ ಅಡ್ಡ ಮಲಗಿತು!

"ಬಂತು ನೋಡ್ರಿ ನನ್ನ ಕಲ್ಲಾನಿ! ನಿಮ್ಮ ರಕ್ಕಸರೆಲ್ಲಾ ಚಟ್ನಿ!"

ಬೇರೆ ದಿನವಾಗಿದ್ದರೆ ಕಾಕಾ ಎಲೆ ಸರಿಯಾಗಿ ಕಲಸಿಲ್ಲವೆಂದು ಓಣಿ ಕೂಡಿಸುತ್ತಿದ್ದ. ಅಂದು ಆನೆಯನ್ನು ನೋಡಲೂ ಇಲ್ಲ. ಆಕೆಯ ಬೆರಳುಗಳನ್ನೇ ನೋಡುತ್ತಿದ್ದ.

"ಏನ್ರೀ, ಸೋತದ್ದಕ್ಕ ಅಳಾಕತ್ತೀರೇನು? ಹುಡುಗಿ ಮುಂದ!"

"ಹೂಂ," ಎಂದ ಕಾಕಾ. "ಭಾಳ ದಿನ ಆತು, ಹಿಂಗ ಸೋಲಬೇಕಂತ ಕಾಯಾಕತ್ತಿದ್ದೆ."

ಎಲೆಗಳನ್ನು ಕೂಡಿಸಲು ಹೋದ. ಒಂದೂ ಕೈಗೆ ಹತ್ತಲಿಲ್ಲ, ಎಲ್ಲ ಜಾರಿ ಜಾರಿ ಬಿದ್ದವು.

"ಬಿಡ್ರಿ, ನಿಮ್ಮ ಕೈಯಾಗ ಇವು ನಿಲ್ಲಂಗಿಲ್ಲ," ಎಂದು ಕಾಕು ಅವನ ಕೈ ಹಿಡಿದುಕೊಂಡಳು. ಬಲಗೈಯಿಂದ.