ನೊರೆ ನುಂಗಿದ ಗಂಟೆ

ಬೆಳಕು ಹರಿಯುವ ಮೊದಲು ನಮ್ಮ ಮನೆಯಲ್ಲಿ ಆಗಬೇಕಾದ ಕೆಲಸಗಳು: ಹಾಲು ಕಾಯಿಸುವುದು, ಅದು ಉಕ್ಕದಂತೆ ಕಾವಲು ನಿಲ್ಲುವುದು, ಅತ್ತೆಗೆ ಬಿಸಿನೀರು, ಗಂಡನ ಅಂಗಿಗೆ ಇಸ್ತ್ರಿ, ಡಬ್ಬಿಗಳಿಗೆ ಊಟ, ಇವೆಲ್ಲದರ ನಡುವೆ ನೀರಿನ ಮೋಟರು. ಈ ಮೋಟರಿನದೇ ಒಂದು ಪುರಾಣ. ಸ್ವಿಚ್ ಹಾಕಿ, ಟಾರ್ಚ್ ಹಿಡಿದು, ತಾರಸಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ, ಇಳಿದು ಬಂದು ಹಾಲು ನೋಡಿ, ಮತ್ತೆ ಹತ್ತಬೇಕು. ಇದನ್ನೆಲ್ಲ ಮಾಡುವವರು ಯಾರೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಮಾಡಬೇಕಾದೀತಲ್ಲ!

ಒಂದು ದಿನ ಮೆಟ್ಟಿಲ ನಡುವೆ ನಿಂತು ಏದುಸಿರಿನಲ್ಲೇ ಶಪಥ ಮಾಡಿದೆ: ಇನ್ನು ಈ ಟ್ಯಾಂಕಿನ ಮುಖ ನೋಡೆ. ಬೇಕಾದರೆ ಅದೇ ನನಗೆ ವರದಿ ಒಪ್ಪಿಸಲಿ!

ಇದು ಬರೀ ಬಡಾಯಿಯಲ್ಲ. ಉಕ್ಕಿನ ಕೊಳವೆ ಮಾಡುವ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುವುದು ನನ್ನ ಕೆಲಸ. ಕೊಳವೆಗೆ ಎಣ್ಣೆ ಸವರಿ, ಬೆರಳುದ್ದದ ಉಪಕರಣವನ್ನು ಒತ್ತಿ ಹಿಡಿದರೆ ಅದು ಶ್ರವಣಾತೀತ ಧ್ವನಿಯನ್ನು ಒಳಗೆ ಕಳಿಸುತ್ತದೆ. ಮನುಷ್ಯರ ಕಿವಿಗೆ ನಿಲುಕದಷ್ಟು ಕೀರಲು ಸದ್ದು ಅದು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದಕ್ಕೆ ಬಡಿದು ಬೇಗನೆ ಮರಳಿ ಬಂದು ಚಾಡಿ ಹೇಳುತ್ತದೆ. ಕೇಳಿಸದ ಸದ್ದಿನ ವಿಷಯದಲ್ಲಿ ನನಗೆ ಮನೆಯಲ್ಲೂ ಬೇಕಾದಷ್ಟು ಅನುಭವವಿದೆ. "ರೀ, ಒದ್ದೆ ಟವೆಲ್ ಹಾಸಿಗೆ ಮೇಲಿದೆ" ಎಂಬ ನನ್ನ ದನಿಯನ್ನು ನಮ್ಮವರ ಕಿವಿ ಇಂದಿನವರೆಗೂ ಹಿಡಿದಿಲ್ಲ!

ಉಗ್ರಾಣದವರನ್ನು ಕಾಡಿ ಬೇಡಿ, ಬಣ್ಣದ ತೊಟ್ಟಿಯ ಮಟ್ಟ ಅಳೆಯುತ್ತಿದ್ದು ಈಗ ಕಳಚಿಟ್ಟಿದ್ದ ಇಂಥದೇ ಸದ್ದಿನ ಹಳೆಯ ಯಂತ್ರವೊಂದನ್ನು ತಂದು ಟ್ಯಾಂಕಿನ ಮುಚ್ಚಳದ ಒಳಗೆ ಬಿಗಿದೆ. ಬಾವಲಿ ಕತ್ತಲಲ್ಲಿ ದಾರಿ ಹುಡುಕುವ ವಿದ್ಯೆಯೇ ಇದು. ಯಂತ್ರ ಸದ್ದನ್ನು ಕೆಳಗೆ ಬಿಡುತ್ತದೆ, ಸದ್ದು ನೀರಿಗೆ ಬಡಿದು ವಾಪಸು ಬರುತ್ತದೆ. ನೀರು ಮೇಲೇರಿದಷ್ಟೂ ಪ್ರತಿಧ್ವನಿ ಬೇಗ. ಟ್ಯಾಂಕ್ ತುಂಬಿತೋ, ಕೆಳಗೆ ಮಲಗುವ ಕೋಣೆಯಲ್ಲಿ ಗಂಟೆ! ಗಂಟೆ ಹೊಡೆಯುವುದಷ್ಟೇ ಅದರ ಕರ್ತವ್ಯ. ನಡುಮನೆಗೆ ಹೋಗಿ ಮೋಟರ್ ಆರಿಸಲು ಒಬ್ಬರು ಏಳಬೇಕು. ಯಾರು? ಗಂಟೆಯನ್ನು ನಾನೇ ನನ್ನ ದಿಂಬಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದೆ. ಪ್ರಶ್ನೆಯೇ ಹುಟ್ಟಲಿಲ್ಲ.

ಆದರೂ ಅದೆಂಥ ಸುಖ! ಮೋಟರ್ ಹಾಕಿ ಮತ್ತೆ ಬಂದು ಹೊದ್ದು ಮಲಗಿದರೆ ಗಂಟೆ ಹೊಡೆಯುವವರೆಗೆ ನಾನು ಚಕ್ರವರ್ತಿನಿ. ಆ ಒಂದಿಷ್ಟು ನಿದ್ದೆಗಾಗಿ ರಾಜ್ಯವಿದ್ದಿದ್ದರೆ ಬರೆದುಕೊಡುತ್ತಿದ್ದೆ. ಯಂತ್ರ ತಪ್ಪುವುದುಂಟೇ ಎಂದು ಅತ್ತೆ ಕೇಳಿದಾಗ, ಮನುಷ್ಯರು ತಪ್ಪಬಹುದು, ಇದು ತಪ್ಪದು ಎಂದು ಎದೆ ತಟ್ಟಿ ಹೇಳಿದೆ. ನಮ್ಮವರಂತೂ ಆಫೀಸಿನಲ್ಲೆಲ್ಲ "ನಾವು ಮಾಡಿದ್ದು" ಎಂದು ಹೇಳಿಕೊಂಡು ಬಂದರು.

ಆ ಭಾನುವಾರ ನನಗೆ ಕಾರ್ಖಾನೆಯಲ್ಲಿ ಪಾಳಿ. ಇವರ ಸಹೋದ್ಯೋಗಿಯೊಬ್ಬರು ಯಂತ್ರ ನೋಡಲು ಬರುವವರಿದ್ದರು. ಬಂದವರು ಟ್ಯಾಂಕಿನೊಳಗಿನ ಪಾಚಿ ನೋಡಿದರೆ ಮರ್ಯಾದೆ ಏನಾಗಬೇಕು? ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಮಹಾನುಭಾವರು ಟ್ಯಾಂಕ್ ತೊಳೆಯಲು ಇಳಿದರು! ಬಟ್ಟೆ ಸೋಪಿನ ಪುಡಿಯ ಇಡೀ ಪೊಟ್ಟಣ ಸುರಿದರು. ಉಜ್ಜಿದರು. ನೊರೆಯನ್ನು ಹೊರಗೆ ಬಿಡಬೇಕೆಂದು ಹೊಳೆಯಲಿಲ್ಲ. ಮೋಟರ್ ಹಾಕಿ, ಕೆಳಗಿಳಿದು, ಸಹೋದ್ಯೋಗಿಯ ಜೊತೆ ಗಂಟೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

ನಾನು ಸಂಜೆ ಬಂದಾಗ ಬೀದಿಬಾಗಿಲಲ್ಲೇ ನೊರೆ ನನ್ನನ್ನು ಎದುರುಗೊಂಡಿತು. ಕೆಳಮನೆಯ ಟೈಲರ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗಿರಾಕಿಗಳ ಹೊಸ ರವಿಕೆಗಳೆಲ್ಲ ತಂತಿಯ ಮೇಲೆ, ತೊಡುವ ಮೊದಲೇ ತೊಳೆಸಿಕೊಳ್ಳುತ್ತಿದ್ದವು.

"ಅಕ್ಕಾ, ನಿಮ್ಮನೆ ನೊರೆ ನಮ್ಮನೆಗೆ ಬಂದು ತುಂಬಾ ಹೊತ್ತಾಯ್ತು. ಕೂರೋಕೆ ಹೇಳಲಾ?" ಎಂದಳು.

ಮೇಲೆ ಹೋದರೆ ಇಬ್ಬರು ಗಂಡಸರು ಕಾಲು ಮೇಲೆತ್ತಿಕೊಂಡು ಗಂಟೆಯನ್ನೇ ದಿಟ್ಟಿಸುತ್ತಿದ್ದರು. ಮೋಟರ್ ಇನ್ನೂ ಗುಂಯ್ ಎನ್ನುತ್ತಿತ್ತು. ಓಡಿ ಹೋಗಿ ಆರಿಸಿದೆ.

"ನೀರು ಮೆಟ್ಟಿಲಿಳಿದು ಬರ್ತಿರೋದು ಕಾಣ್ಲಿಲ್ವೇನ್ರೀ?"

"ಕಾಣಿಸ್ತು. ಆದ್ರೆ ಗಂಟೆ ಹೊಡೀಲಿಲ್ವಲ್ಲ."

ನೊರೆ ಸದ್ದನ್ನು ನುಂಗಿಬಿಡುತ್ತದೆ. ಪ್ರತಿಧ್ವನಿ ವಾಪಸು ಬರುವುದಿಲ್ಲ, ಟ್ಯಾಂಕಿಗೆ ತಳವೇ ಇಲ್ಲವೆಂದು ಯಂತ್ರ ತಿಳಿದುಕೊಳ್ಳುತ್ತದೆ. ನೊರೆ, ಹತ್ತಿ, ಉಣ್ಣೆ, ಮೆತ್ತಗಿರುವುದೆಲ್ಲ ಸದ್ದಿಗೆ ಶತ್ರು. ಹೀಗೆಂದು ನೆಲ ಒರೆಸುತ್ತಲೇ ವಿವರಿಸಿದೆ. ಹೌದು, ನಾನೇ ಒರೆಸುತ್ತಿದ್ದೆ. ಒರೆಸುವ ಬಟ್ಟೆ ಬಂದ ಕಡೆ ಇಬ್ಬರೂ ಸೌಜನ್ಯದಿಂದ ಕಾಲನ್ನು ಇನ್ನಷ್ಟು ಮೇಲೆತ್ತಿದರು.

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ?" ಎಂದರು ಅತ್ತೆ.

ಹೇಳಬಹುದಿತ್ತು. ಆದರೆ ಆ ಟ್ಯಾಂಕಿನ ಹತ್ತಿರ ನನ್ನನ್ನು ಬಿಟ್ಟು ಇನ್ನೊಬ್ಬ ನರಮನುಷ್ಯ ಸುಳಿದಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ!

ಸಹೋದ್ಯೋಗಿ ಹೋದ ಮೇಲೆ ನಮ್ಮವರು ತೀರ್ಪು ಕೊಟ್ಟರು. ದನಿಯಲ್ಲಿ ಪ್ರೀತಿ ಜೇನಿನಂತೆ ಸುರಿಯುತ್ತಿತ್ತು. "ಆ ಯಂತ್ರ ತೆಗೆದುಬಿಡು. ಮೊದಲಿನ ಹಾಗೆ ನೀನೇ ಹತ್ತಿ ನೋಡು. ನಿನ್ನಷ್ಟು ನಂಬಿಕಸ್ತ ಯಂತ್ರ ಇನ್ನೆಲ್ಲಿದೆ ಹೇಳು?"

ಕೊಳವೆಗಳಲ್ಲಿ ಬಿರುಕು ಹುಡುಕಿದವಳು ನಾನು. ಹೊಗಳಿಕೆಯಲ್ಲಿನ ಬಿರುಕು ಅಂದೇ ಮೊದಲು ಕಂಡದ್ದು. ಅತ್ತೆ ಮಾತ್ರ ನನ್ನ ಮುಖ ನೋಡಿ, "ಯಂತ್ರ ಇರಲಿ ಬಿಡೋ. ಅದು ಇವಳ ಹಾಗೆ ಸುಸ್ತಾಗಿ ಕಾಲೆಳೆದುಕೊಂಡು ನಡೆಯಲ್ಲ" ಎಂದರು.

ಟ್ಯಾಂಕನ್ನು ತೊಳೆದು, ನೊರೆಯೆಲ್ಲ ಹೋಗುವವರೆಗೆ ನೀರು ಬಿಟ್ಟೆ. ಇಳಿದು ಬಂದು ಗಂಟೆಯನ್ನು ನನ್ನ ಕಡೆಯಿಂದ ಕಿತ್ತು ಇವರ ದಿಂಬಿನ ನೇರಕ್ಕೆ ಮೊಳೆ ಹೊಡೆದೆ.

ಮರುದಿನ ನಸುಕಿನಲ್ಲಿ ಮೋಟರ್ ಹಾಕಿ ಬಂದು ಮಲಗಿದೆ. ಸರಿಯಾದ ಹೊತ್ತಿಗೆ ಗಂಟೆ ಹೊಡೆಯಿತು. ಯಂತ್ರ ತಪ್ಪಲಿಲ್ಲ.

"ಏ, ಗಂಟೆ ಹೊಡೀತಿದೆ, ಕೇಳಿಸ್ತಿಲ್ವಾ?" ಎಂದರು ಇವರು, ಕಿವಿಯ ಪಕ್ಕದಲ್ಲೇ ಗಂಟೆ ಬಡಿದುಕೊಳ್ಳುತ್ತಿದ್ದರೂ ಕಣ್ಣು ತೆರೆಯದೆ.

ಅಷ್ಟರಲ್ಲಿ ಪಾದಕ್ಕೆ ತಣ್ಣಗೆ ತಾಗಿತು. ನೋಡಿದರೆ ನನ್ನ ಬಲಗಾಲು ನನ್ನನ್ನೊಂದು ಮಾತೂ ಕೇಳದೆ ಆಗಲೇ ನೆಲಕ್ಕಿಳಿದು ನಿಂತಿದೆ! ಗಂಟೆಯ ಜಾಗ ಬದಲಾಯಿಸಿದ್ದೆ, ಕಾಲಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ನಂಬಿಕಸ್ತ ಯಂತ್ರ ಯಾವುದೆಂದು ಇವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ಕಾಲನ್ನು ನಿಧಾನವಾಗಿ ಮೇಲೆತ್ತಿ ಹಾಸಿಗೆಗೆ ಸೇರಿಸಿದೆ. ಹತ್ತಿಯ ದಪ್ಪ ರಜಾಯಿಯನ್ನು ತಲೆಯವರೆಗೆ ಎಳೆದುಕೊಂಡೆ. ಮೆತ್ತಗಿರುವುದು ಸದ್ದನ್ನು ಎಷ್ಟು ಚೆನ್ನಾಗಿ ನುಂಗುತ್ತದೆಂದು ನಾನೇ ತಾನೇ ಹೇಳಿದ್ದು?