ಕೊಬ್ಬು ಹೋಗಲಿ, ಕಸುವು ಇರಲಿ

ಶಿಕಾರಿಪುರದಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ಜಿಮ್ ಇಟ್ಟುಕೊಂಡವನು ನಾನು. ವಾರಕ್ಕೆರಡು ಸಲ ಸೊರಬಕ್ಕೂ ಹೋಗಿ ಹೇಳಿಕೊಡುತ್ತೇನೆ. ನನ್ನ ಪಾಠ ಒಂದೇ: ಮೈಯ ಕೊಬ್ಬು ಕರಗಬೇಕು, ಕಸುವು ಮಾತ್ರ ಉಳಿಯಬೇಕು. ಇಷ್ಟು ಸರಳವಾದ ಮಾತು ಒಬ್ಬೊಬ್ಬರ ಕಿವಿಗೆ ಒಂದೊಂದು ಥರ ಬಿದ್ದು, ಅವರು ಮನೆ ಮುಟ್ಟುವಷ್ಟರಲ್ಲಿ ಇನ್ನೇನೋ ಆಗಿರುತ್ತದೆ. ಹೀಗಾಗದ ವಾರವೇ ಇಲ್ಲ.

ಮೇಲೇಳದ ಶಟರ್

ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ಯಾರನ್ನೂ ಕೇಳದೆ ತಾವೇ ಪಥ್ಯ ಶುರು ಮಾಡಿದರು. ಬೆಳಿಗ್ಗೆ ಸೌತೆಕಾಯಿ, ರಾತ್ರಿ ಒಂದು ಹಿಡಿ ಮಂಡಕ್ಕಿ, ನಡುವೆ ಬರೀ ಬಿಸಿನೀರು. ತೂಕ ಸರಸರನೆ ಇಳಿಯಿತು. ಸಕ್ಕರೆ ಕಟ್ಟಿಕೊಡುತ್ತಲೇ ಗಿರಾಕಿಗಳಿಗೆಲ್ಲ ಅದನ್ನು ಹೇಳಿಕೊಳ್ಳುತ್ತಿದ್ದರು. ಒಂದು ದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಹೋದರೆ ಅದು ಮೊಣಕಾಲಿನವರೆಗೆ ಬಂದು ನಿಂತುಬಿಟ್ಟಿತು. ತುಕ್ಕು ಹಿಡಿದಿರಬೇಕು ಎಂದು ಎಣ್ಣೆ ಬಿಟ್ಟರು. ಆಗಲೂ ಏಳಲಿಲ್ಲ. ಪಕ್ಕದ ಬಳೆ ಅಂಗಡಿಯ ಹೆಂಗಸು ಬಂದು ಒಂದೇ ಕೈಯಲ್ಲಿ ಎತ್ತಿಕೊಟ್ಟು ವಾಪಸು ಹೋದಳು.

ಅವತ್ತು ಸಂಜೆಯೇ ನನ್ನ ಹತ್ತಿರ ಬಂದರು. ಹೊಟ್ಟೆಗೆ ಹಾಕದಿದ್ದರೆ ಕೊಬ್ಬಿನ ಜೊತೆ ತೋಳು ತೊಡೆಯೂ ಕರಗುತ್ತವೆ, ಬೇಳೆ, ಮೊಸರು, ಕಾಳು ಚೆನ್ನಾಗಿ ತಿಂದು ಭಾರ ಎತ್ತಬೇಕು ಎಂದು ತಿಳಿಸಿದೆ. ಎಲ್ಲದಕ್ಕೂ ತಲೆ ಆಡಿಸಿದರು. ಮುಖ ಮಾತ್ರ ಬಾಡಿಕೊಂಡೇ ಇತ್ತು. ಇನ್ನೇನು ಯೋಚನೆ ಎಂದು ಕೇಳಿದೆ.

"ಪಾಲಿಸಿ ಮಾಡಿಸ್ರಿ ಅಂತ ವರ್ಷಗಟ್ಟಲೆ ನನ್ನ ಬೆನ್ನು ಬಿದ್ದಿದ್ರಲ್ಲ ಸರ್, ಆ ಇನ್ಶೂರೆನ್ಸ್ ಏಜೆಂಟ್ರು," ಎಂದರು, "ಮೊನ್ನೆ ಬಂದು ನನ್ನ ಮುಖ ನೋಡಿ, ಏನೂ ಕೇಳದಂಗೆ ಹೋಗಿಬಿಟ್ರು."

ಕೂಡುವ ಲೆಕ್ಕ

ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ನನ್ನ ಶಿಷ್ಯರಾದರು. ಬಹಳ ಶಿಸ್ತಿನ ಮನುಷ್ಯ. ಮೊಳಕೆ ಹೆಸರುಕಾಳು, ಮಜ್ಜಿಗೆ, ಕಡಲೆಕಾಳಿನ ಉಸಲಿ ತಿನ್ನಿ ಎಂದು ಹೇಳಿ ಕಳಿಸಿದೆ. ಒಂದು ದಿನವೂ ತಪ್ಪಿಸಲಿಲ್ಲ. ಡಂಬೆಲ್ ಎತ್ತುವುದರಲ್ಲೂ ಹುಡುಗರಿಗಿಂತ ಮುಂದು. ಆದರೆ ಹೊಟ್ಟೆ ಇಳಿಯುವ ಬದಲು ಇನ್ನಷ್ಟು ಮುಂದೆ ಬಂದಿತು.

ನನಗೇ ಅನುಮಾನವಾಗಿ, ಇಡೀ ದಿನ ಏನೇನು ತಿಂದಿರಿ ಹೇಳಿ ಎಂದೆ. ರೊಟ್ಟಿ, ಪಲ್ಯ, ಅನ್ನ, ಸಾರು, ಸಂಜೆಗೆ ಮಿರ್ಚಿ ಬಜ್ಜಿ, ಮಲಗುವ ಮುಂಚೆ ಬಾಳೆಹಣ್ಣು ಎಲ್ಲವೂ ಮೊದಲಿನ ಹಾಗೆಯೇ ನಡೆದಿದ್ದವು. ನಾನು ಹೇಳಿದ್ದೆಲ್ಲ ಅದರ ಮೇಲೆ ಸೇರಿತ್ತು. ಅವುಗಳಲ್ಲಿ ಕೆಲವನ್ನು ಬಿಡಬೇಕಿತ್ತಲ್ಲ ಮೇಷ್ಟ್ರೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಕೂಡೋ ಲೆಕ್ಕ ಕೊಟ್ರಿ, ಮಾಡಿದೀನಿ. ಕಳೆಯೋ ಲೆಕ್ಕ ಕೊಡಲೇ ಇಲ್ವಲ್ರೀ."

ಎತ್ತಿದ್ದೇ ಎತ್ತಿದ್ದು

ಸೊರಬದಲ್ಲಿ ಬ್ಯಾಂಕ್ ಕೆಲಸದ ಹೆಣ್ಣುಮಗಳೊಬ್ಬರು ತರಗತಿಗೆ ಬರುತ್ತಿದ್ದರು. ಕೆಲಸ ಹೆಚ್ಚಾಗಿ ಬರಲು ಆಗದೆ ಹೋದಾಗ, ಮನೆಯಲ್ಲೇ ತುಂಬಿದ ಕೊಡ ಹಿಡಿದು ಕೂತು ಏಳಿ, ಅಷ್ಟೇ ಸಾಕು ಎಂದಿದ್ದೆ. ಅವರು ಹಿತ್ತಲಲ್ಲಿ ಶುರು ಮಾಡಿದರು. ತಮ್ಮ ಅತ್ತೆಗೆ ಹೇಳುವುದನ್ನು ಮರೆತರು.

ಸೊಸೆ ಕೊಡ ತುಂಬಿ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು, ಒಳಗೆ ಮಾತ್ರ ತಾರದೇ ಇರುವುದು. ಅತ್ತೆ ಬಾಗಿಲ ಮರೆಯಲ್ಲಿ ನಿಂತು ನೋಡಿದರು. ಗಾಳಿ ಸೋಕಿದೆ ಎಂದುಕೊಂಡು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಾರನೆಯ ದಿನ ಸೊಸೆ ಇನ್ನೂ ಹುರುಪಿನಿಂದ ಎತ್ತಿದಳು. ಕೊನೆಗೆ ಮಗ ವಿಷಯ ಬಿಡಿಸಿ ಹೇಳಿದ ಮೇಲೆ ಅತ್ತೆಯೇ ನನಗೆ ಫೋನ್ ಮಾಡಿದರು. ಬೈಸಿಕೊಳ್ಳಲು ಸಿದ್ಧನಾಗಿ ಎತ್ತಿಕೊಂಡೆ.

"ಅಲ್ಲ ಮಾರಾಯ್ರೆ, ವ್ಯಾಯಾಮ ಮಾಡ್ಲಿ, ಬ್ಯಾಡ ಅನ್ನಲ್ಲ," ಎಂದರು. "ಎತ್ತಿದ ನೀರನ್ನ ಕೊನೆಗೆ ಬಸಳೆ ಬುಡಕ್ಕೆ ಹಾಕು ಅಂತ ಒಂದು ಮಾತು ಹೇಳಿ. ಅವಳು ಸಣ್ಣ ಆಗ್ಲಿ, ಬಸಳೆ ದಪ್ಪ ಆಗ್ಲಿ."

ಹಗ್ಗದ ಕೊನೆಯವನು

ಈಸೂರು ಕಡೆಯ ರೈತನೊಬ್ಬನಿದ್ದ. ಅವನ ಊರಿನ ಹಗ್ಗಜಗ್ಗಾಟದ ತಂಡದಲ್ಲಿ ಕೊನೆಗೆ ನಿಲ್ಲುವವನು ಅವನೇ. ಹಗ್ಗವನ್ನು ಹೆಗಲ ಮೇಲಿಂದ ಹಾಯಿಸಿ ಕಂಕುಳಲ್ಲಿ ಅವುಚಿಕೊಂಡು ಹಿಂದಕ್ಕೆ ವಾಲಿದನೆಂದರೆ ಎತ್ತಿನ ಜೋಡಿಯೂ ಅಲುಗಿಸಲಾರದು ಎಂದು ಹೆಸರಾಗಿದ್ದ. ಆದರೆ ಸಕ್ಕರೆ ಕಾಯಿಲೆ ಬಂತು. ಹೊಟ್ಟೆ ಇಳಿಸದಿದ್ದರೆ ಮಾತ್ರೆ ಹೋಗಿ ಇಂಜೆಕ್ಷನ್ ಬರುತ್ತದೆ ಎಂದು ಡಾಕ್ಟರು ಹೆದರಿಸಿ ನನ್ನ ಹತ್ತಿರ ಕಳಿಸಿದರು.

ಅವನು ಸೇರಿದ ಸುದ್ದಿ ತಿಳಿದು ಇಡೀ ತಂಡ ಟೆಂಪೋ ಮಾಡಿಕೊಂಡು ಜಿಮ್ಮಿಗೆ ಬಂತು. ಈ ವರ್ಷದ ಹಗ್ಗಜಗ್ಗಾಟ ಮುಗಿಯುವವರೆಗೆ ನಮ್ಮ ಕೊನೆಯವನನ್ನು ಕರಗಿಸಬೇಡಿ ಎಂಬುದು ಅವರ ಅಹವಾಲು. ಕೊಬ್ಬು ಹಗ್ಗ ಎಳೆಯುವುದಿಲ್ಲ, ಕಾಲು ಬೆನ್ನು ಎಳೆಯುತ್ತವೆ, ಅವನ್ನು ಗಟ್ಟಿ ಮಾಡುತ್ತೇನೆ ಎಂದರೂ ನಂಬಲಿಲ್ಲ. ಕದ್ದು ಹೋಳಿಗೆ ತಿನ್ನಿಸಲು ಹೋದರಂತೆ. ಅವನು ಬಾಯಿ ತೆರೆಯಲಿಲ್ಲ. ಮಗಳು ಚಿಕ್ಕವಳು, ಅವಳ ಮದುವೆ ಕಣ್ಣಿಂದ ನೋಡಬೇಕು ಎಂದು ನನ್ನ ಹತ್ತಿರ ಹೇಳಿದ್ದ. ಭಾರ ಎತ್ತುವ ದಿನ ಒಂದನ್ನೂ ಬಿಡಲಿಲ್ಲ. ಹೊಟ್ಟೆ ಇಳಿಯಿತು, ಬೆನ್ನು ಹಲಗೆಯಂತಾಯಿತು.

ಆಟದ ದಿನ ಎದುರಿಗೆ ಹೊಸಬಾಳೆ ಕಡೆಯವರು. ಇವನನ್ನು ನೋಡಿ ನಕ್ಕರು. ಇವನ ತಂಡದವರಂತೂ ಆಟ ನೋಡಲು ಹೋಗಿದ್ದ ನನ್ನನ್ನು ಸೋಲಿಗೆ ಕಾರಣನಾದವನಂತೆ ನೋಡಿದರು. ಅದೃಷ್ಟಕ್ಕಾದರೂ ಇರಲಿ ಎಂದು, ಪ್ರತಿ ವರ್ಷ ಹಾಕಿಕೊಂಡು ಗೆದ್ದ ಹಳೆಯ ನಿಕ್ಕರನ್ನೇ ಅವನಿಗೆ ಹಾಕಿಸಿದ್ದರು.

ಸೀಟಿ ಊದಿದರು. ಹಗ್ಗ ಬಿಗಿಯಿತು. ಎಷ್ಟು ಎಳೆದರೂ ಇವನ ಹಿಮ್ಮಡಿ ಕದಲಲಿಲ್ಲ. ಕದಲಿದ್ದು ನಿಕ್ಕರು. ಮೊದಲು ಸೊಂಟದಿಂದ, ಆಮೇಲೆ ತೊಡೆಯಿಂದ. ಹಿಡಿದುಕೊಳ್ಳೋಣವೆಂದರೆ ಎರಡೂ ಕೈ ಹಗ್ಗದಲ್ಲಿವೆ. ಒಂದು ಸಲ ಕೆಳಗೆ ನೋಡಿದ, ಒಂದು ಸಲ ತನ್ನ ತಂಡದ ಕಡೆ ನೋಡಿದ, ಕಣ್ಣು ಮುಚ್ಚಿಕೊಂಡು ಇನ್ನೂ ಗಟ್ಟಿಯಾಗಿ ಹಗ್ಗ ಹಿಡಿದ. ನಿಕ್ಕರು ಪಾದಕ್ಕೆ ಬಿತ್ತು. ಒಳಗಿನ ಪಟ್ಟಾಪಟ್ಟಿ ಚಡ್ಡಿ ಇಡೀ ಮೈದಾನಕ್ಕೆ ಕಂಡಿತು. ಎದುರು ತಂಡದ ಮೊದಲಿನವನು ಕಿಸಕ್ಕನೆ ನಕ್ಕ, ಹಿಂದಿನವರಿಗೂ ನಗು ಹತ್ತಿತು, ಹಿಡಿತ ಸಡಿಲಿತು. ಇವನು ಒಂದೇ ಎಳೆತಕ್ಕೆ ಎಲ್ಲರನ್ನೂ ಗೆರೆ ದಾಟಿಸಿದ.

ಸೋತವರು ತಕರಾರು ತೆಗೆದರು. ಹಗ್ಗ ಬಿಡಬಾರದು ಎಂದು ನಿಯಮವಿದೆ, ನಿಕ್ಕರಿನ ವಿಷಯ ಎಲ್ಲೂ ಇಲ್ಲ ಎಂದು ತೀರ್ಪುಗಾರರು ಹೇಳಿದರು.

ಮರುವಾರ ಅವನು ಜಿಮ್ಮಿಗೆ ಬಂದ. ಸಕ್ಕರೆ ಹಿಡಿತಕ್ಕೆ ಬಂದಿದೆ, ಇಂಜೆಕ್ಷನ್ ಬೇಡ ಎಂದರಂತೆ ಡಾಕ್ಟರು. ನನಗೆ ಕೈ ಮುಗಿದ.

"ನೀವು ಹೇಳಿದಂಗೇ ಆತು ಸರ್, ಕಸುವು ಎಲ್ಲೂ ಹೋಗ್ಲಿಲ್ಲ," ಎಂದ. "ಹೋಗಿದ್ದು ಮರ್ಯಾದೆ ಒಂದೇ. ಅದಕ್ಕೂ ಏನಾರ ವ್ಯಾಯಾಮ ಇದ್ರೆ ಹೇಳ್ರಿ."