ಕುರಿಕಾಯೆಸು ಮತ್ತು ಅದರ ಬಾಲ

"ಒಂದೇ ವಾರ ಕೊಡಿ ಸಾರ್, ಜಪಾನೀ ಭಾಷೇನ ನೀರು ಕುಡಿದ ಹಾಗೆ ಕಲಿತುಬಿಡ್ತೀನಿ!" ಎಂದು ಮ್ಯಾನೇಜರ ಮುಂದೆ ಎದೆ ತಟ್ಟಿಕೊಂಡವನು ನಾನೇ. ಎಲುಬಿಲ್ಲದ ನಾಲಿಗೆ, ಏನು ಮಾಡಲಿ!

ನಮ್ಮದು ಬಾಟಲಿ ಮುಚ್ಚಳದ ಕಾರ್ಖಾನೆ. ತಪಾಸಣೆ ಮೇಜಿನ ಚಕ್ರವರ್ತಿ ನಾನು. ಪಕ್ಕದ ಪ್ಯಾಕಿಂಗ್ ಕೋಣೆಯಲ್ಲಿ ನನ್ನ ಹೆಂಡತಿ. ನಾನು ಕಣ್ಣಾರೆ ನೋಡಿ, 'ಸರಿಯಿದೆ' ಎಂದು ಸೀಲು ಒತ್ತಿ ಜಪಾನಿಗೆ ಕಳಿಸಿದ ಎರಡು ಸಾವಿರ ಮುಚ್ಚಳಗಳಲ್ಲಿ ಒಂದೇ ಒಂದೂ ಬಾಟಲಿಯ ಬಾಯಿಗೆ ಕೂರಲಿಲ್ಲ! ಈಗ ಅಲ್ಲಿಂದ ತಪಾಸಣೆಯ ಮೇಡಂ ಬರುತ್ತಿದ್ದರು. ಅವರ ಭಾಷೆಯಲ್ಲೇ "ಈ ತಪ್ಪು ಮತ್ತೆ ಮಾಡೋದಿಲ್ಲ" ಎಂದು ಹೇಳಿ ಒಲಿಸಿಕೊಳ್ಳದಿದ್ದರೆ ನನ್ನ ಕೆಲಸಕ್ಕೆ ಕತ್ತರಿ.

'ಮತ್ತೆ ಮಾಡು' ಎನ್ನಲು ಅವರಲ್ಲಿ 'ಕುರಿಕಾಯೆಸು'. ಅಡುಗೆಮನೆಯಲ್ಲಿ ಜಪ ಶುರುವಾಯಿತು.

"ಏನ್ರೀ, ಯಾರ ಕೈಲಿ ಕುರಿ ಕಾಯಿಸ್ತಿದ್ದೀರಾ?"

"ಕ್ರಿಯಾಪದ ಕಣೇ! ಮಾಡಿದ್ದನ್ನೇ ಮಾಡೋದು ಅಂತ ಅರ್ಥ."

"ಅದನ್ನ ಕಲೀಬೇಕಾ? ನೀವು ದಿನಾ ಮಾಡೋದೇ ಅದು!"

"ಬಾಲ ಮಾತ್ರ ನೋಡ್ಕೋಬೇಕು. 'ಕುರಿಕಾಯೆಶಿಮಸ್' ಅಂದ್ರೆ ಮತ್ತೆ ಮಾಡ್ತೀನಿ. 'ಕುರಿಕಾಯೆಶಿಮಸೆನ್' ಅಂದ್ರೆ ಮಾಡಲ್ಲ."

"ಅಂದ್ರೆ ನಮ್ಮ ಸಂಸಾರ ಒಂದು 'ಎನ್' ಮೇಲೆ ನಿಂತಿದೆ ಅನ್ನಿ," ಎಂದಳು. ಈ ಸಲ ಅವಳು ನಗಲಿಲ್ಲ.

ಅವತ್ತಿನಿಂದ ಊಟ ರುಚಿಸಲಿಲ್ಲ. ಹಲ್ಲುಜ್ಜುವಾಗ ಎನ್, ಸ್ನಾನದಲ್ಲಿ ಎನ್, ಬಸ್ಸಿನಲ್ಲೂ ಎನ್! ಪಕ್ಕದಲ್ಲಿ ಕೂತವರು "ಏನು?" "ಏನು?" ಎಂದು ಎರಡು ಸಲ ಕೇಳಿ, ಹೆದರಿ ಬೇರೆ ಸೀಟಿಗೆ ಹೋದರು. ಅವರಿಗಿಂತ ನಾನೇ ಹೆಚ್ಚು ಹೆದರಿದ್ದೆ.

ಮೇಡಂ ಬಂದರು. ಕೆಟ್ಟ ಮುಚ್ಚಳವೊಂದನ್ನು ಮೇಜಿನ ಮೇಲಿಟ್ಟು, ಗಿರ್ರನೆ ತಿರುಗಿಸಿ, ಅದು ಬಿದ್ದು ಸುಮ್ಮನಾಗುವವರೆಗೂ ನನ್ನನ್ನೇ ನೋಡಿದರು. ಸೊಂಟ ಬಗ್ಗಿಸಿ ಕೂಗಿದೆ:

"ಕುರಿಕಾಯೆಶಿಮಸ್!"

ಭಯಕ್ಕೆ ಬಾಲ ಉದುರಿಹೋಗಿತ್ತು. ನನಗೆ ಗೊತ್ತಾದರೆ ತಾನೆ?

ಮೇಡಂ ಹುಬ್ಬೇರಿಸಿದರು. "ಕುರಿಕಾಯೆಶಿಮಸ್ ಕಾ?"

ಕೊನೆಗೆ 'ಕಾ' ಬಂದರೆ ಪ್ರಶ್ನೆ. ಅರ್ಥವಾಯಿತಲ್ಲ ಎಂದು ಹಿಗ್ಗಿ "ಹಾಯ್!" ಅಂದೆ. ಹಾಯ್ ಎಂದರೆ ಹೌದು!

ಬಾಗಿಲ ಸಂದಿಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡು "ಎನ್ ರೀ! ಎನ್!" ಎನ್ನುತ್ತಿದ್ದಳು.

"ಏನೇ?" ಎಂದವನಿಗೆ ಆಗ ಹೊಳೆಯಿತು. ಕೆಲಸ ಹೋಯಿತು, ಮರ್ಯಾದೆ ಹೋಯಿತು, ನಿಂತ ನೆಲವೂ ಹೋಗುವಂತಿತ್ತು.

ಮೇಡಂ ನೋಟ್‌ಬುಕ್ ಮುಚ್ಚಿ, ನಮ್ಮದೇ ಭಾಷೆಯಲ್ಲಿ, ನನಗಿಂತ ಸ್ಪಷ್ಟವಾಗಿ ಹೇಳಿದರು: "ಎಲ್ಲರೂ 'ಮತ್ತೆ ಮಾಡಲ್ಲ' ಅಂತ ಹೇಳಿ ಮತ್ತೆ ಮಾಡ್ತಾರೆ. ಮೊದಲೇ ನಿಜ ಹೇಳಿದವರು ನೀವೊಬ್ಬರೇ. ಕೆಲಸದಲ್ಲಿರಿ. ಆದರೆ ನೀವು ನೋಡಿದ್ದನ್ನ ಇನ್ನೊಬ್ಬರು ನೋಡಬೇಕು."

"ಯಾರು ಮೇಡಂ?" ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರು ತೊದಲಿದರು.

ಮೇಡಂ ಬೆರಳು ಬಾಗಿಲ ಸಂದಿಯತ್ತ ಹೋಯಿತು. "ಇವರ ತಪ್ಪು ತಕ್ಷಣ ಕಂಡುಹಿಡಿದರಲ್ಲ, ಅವರೇ!"

ಈಗ ನಾನು ಪಾಸು ಮಾಡಿದ ಪ್ರತಿ ಮುಚ್ಚಳವನ್ನೂ ಹೆಂಡತಿ ಇನ್ನೊಮ್ಮೆ ನೋಡುತ್ತಾಳೆ. ಮೊನ್ನೆ ಒಂದನ್ನು ಎತ್ತಿ ಹಿಡಿದು, ಇಡೀ ಕಾರ್ಖಾನೆಗೆ ಕೇಳುವಂತೆ ಹೇಳಿದಳು:

"ಇದು ಬಾಟಲಿಗೆ ಕೂರಲ್ಲ ಕಣ್ರೀ. ನಿಮ್ಮ ಬಾಯಿಗೆ ಇಟ್ಟು ನೋಡಿ, ಸರಿಹೋಗುತ್ತೆ!"